ಎಡದ ಹಲ್ಲು, ಬಲದ ಹಲ್ಲು

“ನೆಟ್ಟಗೆ ಹೋಗು ಅಂದ್ರೆ ಮುನಿಸಿಕೊಂಡ ಸೊಸೆ ಥರ ಬಲಕ್ಕೇ ಮುಖ ತಿರುಗಿಸುತ್ತೆ ಕಣಮ್ಮ,” ಎನ್ನುತ್ತಾ ಮರದ ಡಿಪೋದ ಮೇಸ್ತ್ರಿ ಯಂತ್ರಗರಗಸದ ಸರಪಳಿಯನ್ನು ಅವಳ ಸಾಣೆ ಅಂಗಡಿಯ ಮೇಜಿನ ಮೇಲೆ ಸುರಿದರು. “ನಿಮ್ಮಪ್ಪ ಹರಿತ ಮಾಡಿಕೊಟ್ರೆ ಬೆಣ್ಣೇಲಿ ದಾರ ಎಳೆದ ಹಾಗೆ ಹೋಗೋದು.”

“ಸಾಣೆ ಮಷೀನು ಅದೇ, ಕಲ್ಲೂ ಅದೇ, ಮೇಸ್ತ್ರಿ. ಮಷೀನಲ್ಲೇ ಏನೋ ಐಬಿದೆ.”

“ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ!” ಅವರು ನಕ್ಕರು. ನಗು ಬೇಗ ನಿಂತಿತು. “ನಾಳಿದ್ದು ಬರ್ತೀನಿ. ಈ ಸಲವೂ ಬಲಕ್ಕೆ ಎಳೆದ್ರೆ ನಮ್ಮ ಸರಪಳಿಯೆಲ್ಲ ಪೇಟೆ ಅಂಗಡಿಗೇ. ಬೇಜಾರು ಮಾಡ್ಕೋಬೇಡ. ಕೈಗುಣ ಅಂತ ಒಂದಿರುತ್ತೆ.”

ಅಪ್ಪ ತೀರಿಕೊಂಡ ಆರು ತಿಂಗಳಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡಿದ್ದರು. ಉಳಿದದ್ದು ಡಿಪೋ ಒಂದೇ. ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದೂ ಮೇಸ್ತ್ರಿ ಬಂದಾಗಲೇ, ವಾರಕ್ಕೆರಡು ಸಲ, ಬೈಸಿಕೊಳ್ಳುವುದಕ್ಕಾದರೂ.

ಸರಪಳಿಯ ಒಂದೊಂದು ಹಲ್ಲನ್ನೂ ವರ್ನಿಯರ್‌ನಲ್ಲಿ ಅಳೆದಳು. ಎಡದ ಹಲ್ಲುಗಳೆಲ್ಲ ಬಲದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಹಿಡಿ ಒತ್ತಿ, ತಿರುಗುವ ಕಲ್ಲನ್ನು ಹಲ್ಲಿಗೆ ಇಳಿಸುವಾಗ ಯಂತ್ರದ ತಲೆಯನ್ನೇ ದಿಟ್ಟಿಸಿದಳು. ಇಳಿಯುತ್ತಾ ಅದು ಇಷ್ಟೇ ಇಷ್ಟು ಪಕ್ಕಕ್ಕೆ ವಾಲಿತು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಹಾಗೆ ಇದರ ರೋಗವೆಲ್ಲ ಹಿಂಬದಿಯ ಒಂದೇ ಬೋಲ್ಟಿನಲ್ಲಿತ್ತು. ಬಿಚ್ಚಿದರೆ, ಅದು ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿದೆ. ಇಂದು ನಿನ್ನೆಯ ಸವೆತವಲ್ಲ.

ಹಾಗಾದರೆ ಅಪ್ಪ ಹೇಗೆ ನೆಟ್ಟಗೆ ಮಾಡುತ್ತಿದ್ದ?

ಯಂತ್ರದ ತಲೆಯ ಎಡಬದಿಯಲ್ಲಿ ಹಸಿರು ಬಣ್ಣ ಒಂದು ಕಡೆ ಮಾತ್ರ ಹೋಗಿ ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಹೆಬ್ಬೆರಳಿಟ್ಟಳು. ಬೆರಳು ಕೂತಿತು, ಸುತ್ತ ಇನ್ನಷ್ಟು ಜಾಗ ಉಳಿಯಿತು. ಪ್ರತಿ ಹಲ್ಲಿಗೂ ಅಪ್ಪ ಇಲ್ಲಿ ಒತ್ತಿ ಹಿಡಿದು ವಾಲುವುದನ್ನು ತಡೆಯುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಅವನಿಗೇ ಗೊತ್ತಿತ್ತೋ ಇಲ್ಲವೋ.

ಬೋಲ್ಟನ್ನು ಮತ್ತೆ ಹಾಕಿ, ಹಾಗೇ ಒತ್ತಿ ಒಂದು ಹಲ್ಲು ಹರಿತ ಮಾಡಿದಳು. ಸರಿಬಂತು. ಇನ್ನೊಂದು ತಪ್ಪಿತು. ಕಲಿಯಬಹುದಿತ್ತು, ವರ್ಷಗಟ್ಟಲೆ ಸಮಯವಿದ್ದಿದ್ದರೆ. ಕಲ್ಲು ತಿರುಗಿ ತಿರುಗಿ ನಿಂತಮೇಲೂ ಬೆರಳು ತೆಗೆಯದೆ ಕೂತೇ ಇದ್ದಳು.

ಮರುದಿನ ತೂತನ್ನು ದುಂಡಗೆ ಕೊರೆದು ಬಳೆಯಂಥ ಹಿತ್ತಾಳೆಯ ಬುಶ್ ಕೂರಿಸಿದಳು. ಎರಡು ವಾಷರ್‌ಗಳನ್ನು ಎಮರಿ ಪೇಪರಿನ ಮೇಲೆ ಉಜ್ಜಿ ಉಜ್ಜಿ, ಸಂದಿಯಲ್ಲಿ ತೆಳು ಕಾಗದವೂ ತೂರದಂತೆ ಬಿಗಿದಳು. ತಲೆ ವಾಲದಂತೆ ಪಕ್ಕಕ್ಕೊಂದು ಆಸರೆ ಪಟ್ಟಿಯೂ ಬೇಕಿತ್ತು. ಅದಕ್ಕೆ ಜಾಗವಿದ್ದದ್ದು ಒಂದೇ ಕಡೆ. ಬಣ್ಣ ಹೋದ ಜಾಗದ ನಟ್ಟನಡುವೆ, ತೂತಿನ ಗುರುತಿಗೆ ಪಂಚ್ ಇಟ್ಟು ಸುತ್ತಿಗೆ ಎತ್ತಿದಳು. ಇಳಿಸಿದಳು. ಮೂಗು ಒರೆಸಿಕೊಂಡು ಮತ್ತೆ ಎತ್ತಿ, ಹೊಡೆದಳು.

ಮೂರನೆಯ ದಿನ ಬೆಳಿಗ್ಗೆ ಹರಿತವಾದ ಸರಪಳಿ ಒಯ್ದ ಮೇಸ್ತ್ರಿ ಮಧ್ಯಾಹ್ನದೊಳಗೆ ತಿರುಗಿ ಬಂದರು, ಹೆಗಲ ಮೇಲೆ ಗೇಣೆತ್ತರದ ಮರದ ದಿಂಡು ಹೊತ್ತುಕೊಂಡು.

“ನೋಡು, ಹೆಂಗೆ ಕೊಯ್ದಿದೆ! ಮೇಲೂ ಮಟ್ಟ, ಕೆಳಗೂ ಮಟ್ಟ. ಇದು ನಿನಗೇ, ಕೂರೋಕೆ. ಅಪ್ಪನ ಕೈ ಬಂತಲ್ಲೇ ಹುಡುಗಿ!”

ಅವಳು ಯಂತ್ರದ ಕಡೆ ನೋಡಿದಳು. ಅಪ್ಪನ ಬೆರಳಿನ ಜಾಗವನ್ನು ಹೊಸ ಪಟ್ಟಿ ಮುಚ್ಚಿತ್ತು.

“ಹೂಂ, ಮೇಸ್ತ್ರಿ.”

“ಇನ್ನು ನಾನ್ಯಾಕೆ ಇಲ್ಲೀವರೆಗೂ ಕಾಲು ಸವೆಸ್ಲಿ? ಲಾರಿಯವನು ಹೋಗ್ತಾ ಬರ್ತಾ ಸರಪಳೀನ ಬಾಗಿಲಲ್ಲಿ ಎಸೆದು ಹೋಗ್ತಾನೆ. ಜಗಳ ಆಡೋಕೂ ಏನೂ ಉಳಿಸ್ಲಿಲ್ಲ ನೀನು.”

“ಟೀ ಕುಡಿದು ಹೋಗಿ.”

“ಇನ್ನೊಂದಿನ ಬರ್ತೀನಮ್ಮ,” ಎಂದವರು ಆಗಲೇ ಬೀದಿಗಿಳಿದಿದ್ದರು.

ಅವಳು ದಿಂಡನ್ನು ಬಾಗಿಲ ಬಳಿಗೆ ಉರುಳಿಸಿ ತಂದು ನೆಲಕ್ಕಿಟ್ಟು ಅದರ ಮೇಲೆ ಕೂತಳು. ದಿಂಡು ಒಂದಿಷ್ಟೂ ಅಲ್ಲಾಡಲಿಲ್ಲ. ಹಸಿ ಮರದ ತೇವ ಬಟ್ಟೆಗೆ ಮೆಲ್ಲಗೆ ಇಳಿಯುತ್ತಿತ್ತು.