ಗೋಡೆಯ ಮೇಲಿಟ್ಟ ಸೋರೆಕಾಯಿ

ಸೋರೆಕಾಯಿಯ ತೊಟ್ಟಿನ ಕಡೆಯಿಂದ ತೆಳುವಾಗಿ ಒಂದು ಬಿಲ್ಲೆ ಕೊಯ್ದು ನಾಲಗೆಗೆ ತಾಗಿಸಿದ್ದೇ ತಡ, ಚನ್ನಮಲ್ಲಮ್ಮ ಥೂ ಎಂದು ಉಗಿದಳು. ಹಾಗಲಕಾಯಿಯ ಕಹಿಯಾದರೆ ಬೆಲ್ಲ, ಹುಣಸೆಹಣ್ಣು ಹಾಕಿದರೆ ಮಾತು ಕೇಳುತ್ತದೆ. ಇದು ಹಾಗಲ್ಲ, ಗಂಟಲಲ್ಲೇ ಕಚ್ಚಿಕೊಂಡು ಕೂತಿತು. ಎರಡು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ಹಾಳಾಗಿ ಹೋಗಲಿ, ಒಂದು ಕಾಯಿ ತಾನೇ ಎಂದುಕೊಂಡು ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಲು ಹೋದವಳ ಕೈ ಹಾಗೇ ನಿಂತಿತು. ಇದೇ ಬಳ್ಳಿಯ ಇನ್ನೊಂದು ಕಾಯಿ ಬೆಳಿಗ್ಗೆ ಗೋಡೆ ದಾಟಿ ಹೋಗಿತ್ತು.

ಗೋಡೆಯಾಚೆ ಇರುವುದು ಭಾವ ರೇಣುಕಯ್ಯನ ಮನೆ. ತೀರಿಹೋದ ಗಂಡನ ಅಣ್ಣ. ಎಪ್ಪತ್ತೆರಡರ ಒಂಟಿ ಮನುಷ್ಯ. ತಾನೇ ಬೇಯಿಸಿಕೊಂಡು, ಲಿಂಗಪೂಜೆ ಮಾಡಿ, ಎಡೆ ತೋರಿಸಿ ಆಮೇಲೆ ಊಟಕ್ಕೆ ಕೂರುವವನು. ಅವನ ಪೂಜೆಯ ಗಂಟೆ ಆಗಲೇ ನಿಂತುಹೋಗಿತ್ತು. ಎಷ್ಟು ಹೊತ್ತಾಯಿತು? ಅಕ್ಕಿ ತೊಳೆಯುವಾಗ ಕೇಳಿದ ನೆನಪು. ಅಕ್ಕಿ ಈಗ ಒಲೆಯ ಮೇಲೆ ಕುದಿಯುತ್ತಿತ್ತು.

ಹೊಳವನಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು ಚನ್ನಮಲ್ಲಮ್ಮ; ಈಗ ಬೇಸಿಗೆ ರಜೆ. ಅಡುಗೆಯವರ ತರಬೇತಿಯಲ್ಲಿ ಒಬ್ಬ ಮೇಡಮ್ಮು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹೇಳಿದ್ದರು: ಕಹಿ ಸೋರೆ ವಿಷ, ಬೇಯಿಸಿದರೂ ವಿಷ, ಕರುಳನ್ನೇ ಸುಡುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ತಾನು ತಿಂದು, ಮೇಷ್ಟ್ರಿಗೂ ತಿನ್ನಿಸಿ ಪುಸ್ತಕಕ್ಕೆ ಸೈನು ಹಾಕಿಸುವ ಹೆಂಗಸು, ಆ ಒಂದು ಕಾಯಿಯ ರುಚಿ ಮಾತ್ರ ನೋಡಿರಲಿಲ್ಲ. ಹೇಗೆ ನೋಡುವುದು? ಬಳ್ಳಿಯ ಮೊದಲ ಕಾಯಿ ದೇವರಿಗೆ. ದೇವರಿಗೆ ಕೊಡುವುದನ್ನು ಕೊಯ್ದು ಎಂಜಲು ಮಾಡುತ್ತಾರೆಯೇ? ಭಾವನಂತೂ ಎಡೆ ಹಿಡಿಯುವ ಮುಂಚೆ ಉಪ್ಪು ಕೂಡ ನೋಡುವವನಲ್ಲ. ಎಡೆ ಹಿಡಿದ ಮೇಲೆ ಅದು ಪ್ರಸಾದ; ತಟ್ಟೆಯಲ್ಲಿ ಒಂದು ಅಗುಳು ಬಿಡುವವನೂ ಅಲ್ಲ.

ಆ ಬಳ್ಳಿಯನ್ನು ಅವಳು ಮಗು ಸಾಕಿದಂತೆ ಸಾಕಿದ್ದಳು. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಬಚ್ಚಲ ನೀರು, ಅಕ್ಕಿ ತೊಳೆದ ನೀರು ಒಂದು ತೊಟ್ಟೂ ಆಚೆ ಹೋಗದಂತೆ ಕಾಲುವೆ ತೋಡಿ ನುಗ್ಗೆ, ಪಪ್ಪಾಯಿ, ಬದನೆ ಬೆಳೆಸಿದ್ದಳು. ಸೋರೆಯ ಬುಡದಲ್ಲಿ ತೂತಿನ ಮಡಕೆ ಹೂತು, ಮೇಲೆ ಕಡಲೆಕಾಯಿ ಹೊಟ್ಟು ಹರಡಿದ್ದಳು. ಹೋದ ತಿಂಗಳು ಊರ ಬೋರಿನ ಮೋಟಾರು ಸುಟ್ಟು ಹದಿನೈದು ದಿನ ನೀರೇ ಇಲ್ಲ. ಎಲೆಗಳು ಜೋತುಬಿದ್ದವು. ನೀರು ಬಂದದ್ದೇ ಬಳ್ಳಿ ಮತ್ತೆ ತಲೆಯೆತ್ತಿತು. ಅಬ್ಬಾ, ಬದುಕಿತಲ್ಲ ಎಂದು ಅವಳು ಹಿಗ್ಗಿದ್ದೇ ಹಿಗ್ಗಿದ್ದು. ಬಾಯಾರಿದ ಬಳ್ಳಿ ಕಾಯಿಯೊಳಗೆ ಏನು ತುಂಬಿಟ್ಟುಕೊಳ್ಳುತ್ತದೆ ಎಂಬ ಯೋಚನೆ ಆಗ ಎಲ್ಲಿತ್ತು!

ಇನ್ನು ಆ ಗೋಡೆ. ಆರು ವರ್ಷದ ಹಿಂದೆ ಭಾಗವಾದಾಗ ಹಿತ್ತಲಿನ ಮೂರಡಿ ಜಾಗಕ್ಕೆ ಜಗಳ ಹತ್ತಿಕೊಂಡಿತು. "ಇದು ನನ್ನ ಹಿತ್ಲು" ಎಂದ ಅವನು. "ನನ್ನ ಹಿತ್ಲು" ಎಂದಳು ಇವಳು. ಊರವರು ಕೂತು ಹಗ್ಗ ಹಿಡಿದು ಅಳೆದರು, ಎದೆಯೆತ್ತರದ ಗೋಡೆ ಎದ್ದಿತು, ಮಾತು ಬಿಟ್ಟುಹೋಯಿತು. ಈ ಬೇಸಿಗೆಯಲ್ಲಿ ಸೋರೆಬಳ್ಳಿ ಯಾರನ್ನೂ ಕೇಳದೆ ಗೋಡೆ ಹತ್ತಿ ಆ ಕಡೆ ಇಳಿಯಿತು. ಇನ್ನೇನು ಕುಡುಗೋಲು ಹಾಕುತ್ತಾನೆ ಎಂದು ಅವಳು ದಿನವೂ ಕಾದಳು. ಹಾಕಲಿಲ್ಲ. ಅದಕ್ಕೇ ಅವಳ ಮನಸ್ಸು ಕರಗಿದ್ದು. ಇವತ್ತು ಸೋಮವಾರ, ಪೂಜೆಗಾಗಲಿ ಎಂದು, ಬೆಳಿಗ್ಗೆ ಮಾತಿಲ್ಲದೆ, ಕಾಯಿಯನ್ನು ಗೋಡೆಯ ಮೇಲಿಟ್ಟು ಬಂದಿದ್ದಳು. ಗಳಿಗೆ ಬಿಟ್ಟು ನೋಡಿದರೆ ಕಾಯಿ ಇರಲಿಲ್ಲ. ಬೆಳಗಿನಿಂದ ಒಬ್ಬಳೇ ನಗುತ್ತಾ ಓಡಾಡಿದ್ದಳು ಪಾಪ.

ಈಗ ಹಿತ್ತಲಿಗೆ ಓಡಿ ಗೋಡೆ ಹಿಡಿದು ನಿಂತಳು. ಕೂಗಬೇಕು. ಆರು ವರ್ಷ ಕರೆಯದ ಹೆಸರು ಬಾಯಿಗೆ ಬರಲೊಲ್ಲದು.

"ಭಾವಾ! ಭಾವಾ, ಉಣ್ಬ್ಯಾಡಿ!"

ಒಳಗಿಂದ ತಟ್ಟೆಯ ಸದ್ದು ಬಂತು. ಮಾತು ಬರಲಿಲ್ಲ. ಊಟಕ್ಕೆ ಕೂತರೆ ಅವನು ಮಾತಾಡುವುದಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ಎರಡು ಮನೆಗಳ ತಲೆಬಾಗಿಲು ಬೇರೆ ಬೇರೆ ಬೀದಿಗೆ. ಸುತ್ತಿ ಹೋಗಲು ಹೊತ್ತು ಬೇಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಐವತ್ತೈದರ ಆ ಹೆಂಗಸು ಗೋಡೆ ಹತ್ತಿದಳು. ಮೊಣಕಾಲು ತರಚಿತು. ಆಚೆ ಧುಮುಕುವಾಗ ಒಂದು ಕೆಟ್ಟ ಯೋಚನೆ ಮಿಂಚಿ ಹೋಯಿತು: ಇವನಿಗೇನಾದರೂ ಆದರೆ, ಮೂರಡಿ ಜಾಗಕ್ಕೆ ಭಾವನಿಗೆ ವಿಷ ಹಾಕಿದಳು ಅನ್ನುತ್ತದೆ ಊರು. ಅವನ ಜೀವ ಹೋಗುತ್ತಿರುವಾಗ ತನ್ನ ಮರ್ಯಾದೆಯ ಚಿಂತೆ ಬಂತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ರೇಣುಕಯ್ಯ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಊಟ ಮುಗಿದಿತ್ತು. ತಟ್ಟೆಗೆ ನೀರು ಹಾಕಿ ಬೆರಳಾಡಿಸಿ ಎತ್ತಿ ಕುಡಿಯುತ್ತಿದ್ದ.

"ಕುಡೀಬ್ಯಾಡಿ!"

ಅವನು ಅವಳನ್ನೇ ನೋಡುತ್ತಾ ಪೂರ್ತಿ ಕುಡಿದು ತಟ್ಟೆ ಕೆಳಗಿಟ್ಟ. ಬಾಯಿ ಒರೆಸಿಕೊಂಡು, "ಬಂದ್ಯಾ ಮಲ್ಲಮ್ಮ. ಬಾಗ್ಲಿಲ್ವಾ ನಮ್ಮನೆಗೆ, ಗ್ವಾಡೆ ಹಾರಿ ಬರ್ತೀಯಲ್ಲ" ಎಂದ.

"ಕಾಯಿ ಕಹಿ ಇರ್ಲಿಲ್ವಾ ಭಾವ?"

"ಇತ್ತು. ಬೇವು ಇದ್ದಂಗಿತ್ತು."

"ಮತ್ಯಾಕೆ ತಿಂದ್ರಿ? ಉಗೀಬಾರ್ದಾ?"

"ಎಡೆ ಹಿಡಿದದ್ದು ಕಣಮ್ಮ. ಪ್ರಸಾದ ಉಗಿಯಾಕಾಯ್ತದಾ?" ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: "ಅದೂ ಅಲ್ದೆ, ಆರು ವರ್ಷಕ್ಕೆ ಆ ಕಡೆಯಿಂದ ಬಂದದ್ದು. ಹೆಂಗೆ ಬುಡ್ಲಿ?"

ಚನ್ನಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ವಿಷವಂತೆ, ಈಗಲೇ ಹೊರಡಿ ಎಂದು ಅಂಗಲಾಚಿದಳು. ಸೋರೆಕಾಯಿ ತಿಂದು ಯಾರಾದರೂ ಸತ್ತದ್ದುಂಟಾ ಎಂದು ಅವನು ನಕ್ಕ. ಅವಳು ರಟ್ಟೆ ಹಿಡಿದು ಎಬ್ಬಿಸಿದಳು. ನಡುಮನೆ ದಾಟುವಷ್ಟರಲ್ಲಿ ನಗು ಹೋಯಿತು. ಕಂಬ ಹಿಡಿದುಕೊಂಡು ಬಗ್ಗಿದವನು ವಾಂತಿ ಮಾಡಿದ. ಮತ್ತೆ ಮಾಡಿದ. ಮೂರನೆಯ ಸಲಕ್ಕೆ ಅದರಲ್ಲಿ ಕೆಂಪು ಇತ್ತು. ಅಯ್ಯೋ ಶಿವನೇ ಎಂದು ಅವಳು ಕಿರುಚಿದ್ದು ಬೀದಿಯ ತುದಿಗೂ ಕೇಳಿತು.

ಎದುರುಮನೆಯ ರಾಧಾಮಣಿ ಓಡಿಬಂದಳು. ಅವಳ ಮೈದುನ ರಂಗೇಶ್ ಆಟೋ ತಂದ. ಕೊರಟಗೆರೆಯ ಆಸ್ಪತ್ರೆಯ ದಾರಿಯಲ್ಲಿ ರೇಣುಕಯ್ಯನ ತಲೆ ಚನ್ನಮಲ್ಲಮ್ಮನ ಭುಜದ ಮೇಲಿತ್ತು. ಅವನ ಮೈ ಬೆವರಿ ತಣ್ಣಗಿತ್ತು, ಹೊರಗೆ ಮಾತ್ರ ಬೆಂಕಿಯಂಥ ಬಿಸಿಲು. ಪ್ರತಿ ಹಳ್ಳ ಬಂದಾಗಲೂ ಅವಳು ಬಗ್ಗಿ ಅವನ ಉಸಿರು ಕೇಳಿಸಿಕೊಂಡಳು.

ಆಚೆ ಪಕ್ಕದಲ್ಲಿ ಕೂತಿದ್ದ ರಾಧಾಮಣಿ ಬಹಳ ಹೊತ್ತು ತಡೆದುಕೊಂಡಿದ್ದಳು. ಕೊನೆಗೆ ಕೇಳಿಯೇಬಿಟ್ಟಳು. "ಏನ್ ಕೊಟ್ಟಿದ್ರಿ ಚನ್ನಮಲ್ಲಕ್ಕ?"

"ಸೋರೆಕಾಯಿ."

"ಬರೀ ಸೋರೆಕಾಯಿನಾ?"

ಆ 'ಬರೀ' ಎಂಬ ಮಾತು ಚನ್ನಮಲ್ಲಮ್ಮನ ಎದೆಗೆ ಚುಚ್ಚಿತು. ಏನು ಹೇಳಿದರೂ ಇವಳು ನಂಬುವುದಿಲ್ಲ. ಯಾರೂ ನಂಬುವುದಿಲ್ಲ. ಅವಳು ಭಾವನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಉಜ್ಜುತ್ತಾ ಕೂತಳು.

ಆಸ್ಪತ್ರೆಯಲ್ಲಿ ಮಂಚಕ್ಕೆ ಹಾಕಿ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿದರು. ಬಿಪಿ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಾಯಿತು. "ಏನು ತಿಂದ್ರಿ ಅಜ್ಜಾ?" ಎಂದು ಅವನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಸೋರೆಕಾಯಿ ಪಲ್ಯ. ಕಹಿ ಇತ್ತು."

"ಎಲ್ಲಿಂದ ತಂದದ್ದು? ಯಾರು ಕೊಟ್ರು?"

ರಾಧಾಮಣಿ ಚನ್ನಮಲ್ಲಮ್ಮನ ಕಡೆ ತಿರುಗಿದಳು. ಬಾಗಿಲಲ್ಲಿದ್ದ ರಂಗೇಶ್ ಕೂಡ ತಿರುಗಿದ. ನಾನು ಕೊಟ್ಟೆ ಎನ್ನಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ರೇಣುಕಯ್ಯ ಕಣ್ಣು ತೆರೆಯದೆಯೇ ಹೇಳಿದ. "ಯಾರ್ ಕೊಡ್ತಾರವ್ವ. ನಮ್ಮ ಹಿತ್ಲದ್ದು."

ನನ್ನ ಹಿತ್ತಲು ಎಂದು ಆರು ವರ್ಷದ ಹಿಂದೆ ಊರ ಮುಂದೆ ಕೂಗಾಡಿದ್ದ ಬಾಯಿ ಅದು. ಚನ್ನಮಲ್ಲಮ್ಮ ಮಂಚದ ಕಂಬಿ ಹಿಡಿದು ಕುಸಿದು ಕೂತಳು, ಮುಚ್ಚುಮರೆಯಿಲ್ಲದೆ ಅತ್ತಳು. ಡಾಕ್ಟರಮ್ಮ ಅವಳನ್ನು ಎಬ್ಬಿಸಿ ಹೊರಗೆ ಕಳಿಸಿದರು. ಬಿಪಿ ತುಂಬಾ ಇಳಿದಿದೆ, ಹೊಟ್ಟೆಯೊಳಗೆ ರಕ್ತ ಸೋರುವುದು ನಿಲ್ಲಬೇಕು, ನಾಳೆ ಬೆಳಗಿನ ತನಕ ಏನೂ ಹೇಳಲಾಗದು ಎಂದರು. ಒಗೆದ ಪಂಚೆ ತನ್ನಿ ಎಂದೂ ಹೇಳಿದರು.

ರಾಧಾಮಣಿಯನ್ನು ಕಾವಲಿಗೆ ಬಿಟ್ಟು ಅವಳು ರಂಗೇಶನ ಆಟೋದಲ್ಲಿ ಊರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮೊದಲು ತನ್ನ ಮನೆಗೆ ಹೋಗಿ, ಆರಿಹೋದ ಒಲೆಯಿಂದ ಸೀದ ಅನ್ನ ಇಳಿಸಿ, ಕುಡುಗೋಲು ತೆಗೆದುಕೊಂಡಳು. ಆ ಬಳ್ಳಿ ಇನ್ನು ಒಂದು ಗಳಿಗೆ ಇರಬಾರದು. ಯಾರ ಮಗುವೋ, ಯಾರ ದನವೋ ಬಾಯಿ ಹಾಕಿದರೆ? ಪಂಚೆಯೂ ಬೇಕು, ಆ ಕಡೆ ಇಳಿದದ್ದನ್ನೇ ಮೊದಲು ಕಡಿಯೋಣ ಎಂದು ಬೀದಿ ಸುತ್ತಿ ಭಾವನ ಮನೆಗೆ ನಡೆದಳು. ಆರು ವರ್ಷದಲ್ಲಿ ಮೊದಲ ಸಲ ಅವನ ತಲೆಬಾಗಿಲು ದಾಟಿದಳು. ನಡುಮನೆಯ ನೆಲ ತೊಳೆದಳು. ಪಂಚೆ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿತ್ತು.

ಅದನ್ನು ಎಳೆದುಕೊಂಡಾಗ ಒಂದು ಅಂಚು ಉದ್ದಕ್ಕೆ ಹರಿದಿರುವುದು ಕಂಡಿತು. ಇಷ್ಟಗಲ ಬಟ್ಟೆ ಕಿತ್ತು ಏನು ಮಾಡಿದ ಎಂದುಕೊಳ್ಳುತ್ತಾ ತಿರುಗಿದವಳಿಗೆ ಗೋಡೆ ಕಾಣಿಸಿತು. ಮಧ್ಯಾಹ್ನ ಹಾರಿಬಂದ ಗಾಬರಿಯಲ್ಲಿ ನೋಡಿರಲಿಲ್ಲ. ಬಳ್ಳಿ ಈ ಕಡೆ ದಟ್ಟವಾಗಿ ಹಬ್ಬಿತ್ತು. ಎಲೆಗಳ ನಡುವೆ ಒಂದು ದಪ್ಪ ಕಾಯಿ ಇತ್ತು. ಅವಳು ಗೋಡೆಯ ಮೇಲಿಟ್ಟದ್ದಕ್ಕಿಂತ ಮುಂಚಿನದು, ಸಿಪ್ಪೆ ಬಲಿತು ಬೀಜಕ್ಕೆ ಬಂದದ್ದು. ಬಳ್ಳಿಗೆ ಭಾರವಾಗದಿರಲಿ ಎಂದು ಅದರ ಕೆಳಗೆ ಪಂಚೆಯ ಚೂರನ್ನು ಜೋಲಿಯಂತೆ ಹಾಕಿ, ಎರಡೂ ತುದಿಯನ್ನು ಗೋಡೆಗೆ ಹೊಡೆದ ಮೊಳೆಗಳಿಗೆ ಭಾವ ಬಿಗಿದಿದ್ದ. ಗಂಟು ಎರಡೆರಡು ಸುತ್ತು.

ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ರಾಧಾಮಣಿಯ ಹೆಸರು. ಚನ್ನಮಲ್ಲಮ್ಮನಿಗೆ ಎತ್ತಲು ಧೈರ್ಯ ಬರಲಿಲ್ಲ. ಅದು ನಿಂತಿತು, ಮತ್ತೆ ಹೊಡೆದುಕೊಂಡಿತು. ಕಣ್ಣು ಮುಚ್ಚಿ ಕಿವಿಗಿಟ್ಟಳು.

"ಅಕ್ಕಾ, ಬಿಪಿ ಒಂಚೂರು ಏರೈತಂತೆ. ಇನ್ನೂ ಹೇಳಾಕಾಗಲ್ಲ ಅಂದ್ರು. ಬೇಗ ಬನ್ನಿ, ನಿಮ್ಮನ್ನೇ ಕೇಳ್ತಾವ್ರೆ."

ಬಂದೆ ಎಂದಳು. ಪಂಚೆಯನ್ನು ಹೆಗಲಿಗೆ ಹಾಕಿಕೊಂಡು, ಗೋಡೆಯ ನೆತ್ತಿಯಲ್ಲಿ ಬಳ್ಳಿ ಈ ಕಡೆ ಬಾಗುವಲ್ಲಿ ಕುಡುಗೋಲು ಇಟ್ಟಳು. ಎಡಗೈಯನ್ನು ಕಾಯಿಯ ಕೆಳಗೆ ಚಾಚಿ, ಬಿದ್ದರೆ ಹಿಡಿಯಲು ತಯಾರಾಗಿ, ಬಲಗೈಯಿಂದ ಒಂದೇ ಸಲಕ್ಕೆ ಎಳೆದಳು.

ಬಳ್ಳಿ ತುಂಡಾಗಿ ಜೋತುಬಿತ್ತು. ಕಾಯಿ ಬೀಳಲಿಲ್ಲ. ಹಳೆಯ ಪಂಚೆಯ ಜೋಲಿಯಲ್ಲಿ ಒಂದೆರಡು ಸಲ ತೂಗಿ ಹಾಗೇ ನಿಂತಿತು. ಕೆಳಗೆ ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.