ಅರ್ಧ ಕರೆಂಟಿನ ಗಾಡಿ

ಶಂಕ್ರೆವ್ವ ಹನ್ನೊಂದು ವರ್ಷಗಳಿಂದ ಇಂಡಿ ಬಿಟ್ಟು ಹೊರಗೆ ಹೋಗಿರಲಿಲ್ಲ. ಕಾಲು ಗಟ್ಟಿಯಾಗಿದ್ದವು, ಕಣ್ಣಿನ ಆಪರೇಷನ್ನೂ ಚೆನ್ನಾಗಿಯೇ ಆಗಿತ್ತು. ಆದರೆ ಗಾಡಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಡೀಸೆಲ್ ವಾಸನೆ ಮತ್ತು ಎಂಜಿನ್ನಿನ ನಡುಕ ಎರಡೂ ಸೇರಿದರೆ ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವುದರೊಳಗೆ ಗಾಡಿ ನಿಲ್ಲಿಸಲೇಬೇಕು. ಕೊನೆಯ ಸಲ ಮಗನ ಹಳೆಯ ಜೀಪಿನಲ್ಲಿ ವಿಜಯಪುರಕ್ಕೆ ಹೋಗಿ ಬಂದವಳು ಎರಡು ದಿನ ಮೇಲೇಳಲಿಲ್ಲ. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ, ಯಾರು ಸತ್ತರೂ ಮಣ್ಣಿಗೆ ಹೋಗಲಿಲ್ಲ. ಬಾಗೇವಾಡಿ ತಾಲೂಕಿನ ಮಸೂತಿಯಲ್ಲಿದ್ದ ತಂಗಿ ಚಂದವ್ವನ ಜೊತೆ ಸೋಮವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದಳು, ಅಷ್ಟೇ.

ಮಗ ಸಿದ್ದಲಿಂಗ ಲಿಂಬೆಹಣ್ಣಿನ ವ್ಯಾಪಾರಿ. ಸೊಸೆ ವಿದ್ಯಾವತಿ ಅಗರಖೇಡದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಜೀಪು ಮಾರಿ ಬೇರೆ ಗಾಡಿ ತೆಗೆದುಕೊಳ್ಳುವ ಮಾತು ಬಂದಾಗ ಗಂಡ ಹೆಂಡತಿಗೆ ಎರಡು ತಿಂಗಳು ಒಮ್ಮತವಾಗಲಿಲ್ಲ. ತೋಟದ ಕಚ್ಚಾ ದಾರಿಗೂ ಸೊಲ್ಲಾಪುರದ ಮಾರುಕಟ್ಟೆಗೂ ಆಗುವಂಥ ದೊಡ್ಡ ಡೀಸೆಲ್ ಗಾಡಿ ಬೇಕೆಂದು ಅವನ ಹಟ. ದಿನಾ ಶಾಲೆಗೆ ಹೋಗಿಬರಲು ಕರೆಂಟಿನ ಗಾಡಿಯೇ ಸಾಕೆಂದು ಅವಳ ವಾದ. ನಡುದಾರಿಯಲ್ಲಿ ಕರೆಂಟು ಮುಗಿದರೆ ಯಾರು ದಬ್ಬುತ್ತಾರೆ ಎಂದು ಅವನು ಕೇಳುತ್ತಿದ್ದ.

ಆ ಹೊತ್ತಿಗೆ ಸೊಲ್ಲಾಪುರದ ಡಾಕ್ಟರೊಬ್ಬರು ತಮ್ಮ ಏಳು ಸೀಟಿನ ಗಾಡಿ ಮಾರುತ್ತಿರುವ ಸುದ್ದಿ ಬಂತು. ಅದರಲ್ಲಿ ಎರಡೂ ಇದ್ದವು. ಮನೆಯ ಪ್ಲಗ್ಗಿಗೆ ಹಚ್ಚಿ ಬ್ಯಾಟರಿ ತುಂಬಿಸಿದರೆ ಐವತ್ತು-ಅರವತ್ತು ಕಿಲೋಮೀಟರಿನವರೆಗೆ ಎಂಜಿನ್ ಮುಟ್ಟದೆ ಓಡುತ್ತದೆ, ಬ್ಯಾಟರಿ ಮುಗಿದರೆ ಪೆಟ್ರೋಲ್ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ. ಸಿದ್ದಲಿಂಗನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಏನಾದರೂ ಕೆಟ್ಟರೆ ಪುಣೆಗೇ ಒಯ್ಯಬೇಕು. ಕೆಳಗೆ ಬ್ಯಾಟರಿ ಕೂತಿದ್ದರಿಂದ ಹತ್ತು ಚೀಲ ಲಿಂಬೆಹಣ್ಣು ಹಿಡಿಯಬೇಕಾದ ಡಿಕ್ಕಿ ಆರೇ ಚೀಲಕ್ಕೆ ತುಂಬುತ್ತದೆ. ವಿದ್ಯಾವತಿ ಒಂದು ತಿಂಗಳು ತಾವಿಬ್ಬರೂ ಓಡಾಡಿದ ಕಿಲೋಮೀಟರುಗಳನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತ ಹೋದಳು. ನಾಲ್ಕೈದು ದಿನ ಬಿಟ್ಟರೆ ಯಾವ ದಿನವೂ ಐವತ್ತು ದಾಟಿರಲಿಲ್ಲ. ಅದನ್ನು ನೋಡಿ ಅವನು ಹೋಗಿ ಗಾಡಿ ತಂದ.

ಗಾಡಿ ಸಪ್ಪಳವಿಲ್ಲದೆ ಬಂದು ಬಾಗಿಲ ಮುಂದೆ ನಿಂತಾಗ ಶಂಕ್ರೆವ್ವ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. ಹೊಗೆಯಿಲ್ಲ, ವಾಸನೆಯಿಲ್ಲ. ಒಂದು ವಾರ ಅದನ್ನು ದೂರದಿಂದಲೇ ನೋಡಿದಳು. ಎಂಟನೇ ದಿನ ತಾನೇ ಸೊಸೆಯ ಪಕ್ಕದಲ್ಲಿ ಹತ್ತಿ ಕೂತು ಝಳಕಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದಳು. ಹೊಟ್ಟೆಗೆ ಏನೂ ಆಗಲಿಲ್ಲ. ಇಳಿದ ಮೇಲೆ ಸೊಸೆಯನ್ನು ಕೇಳಿದ್ದು ಒಂದೇ ಮಾತು: "ಮಸೂತಿಗೆ ಹೋಗೂಣೇನ?"

ಚಂದವ್ವ ಫೆಬ್ರುವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಎರಡು ತಿಂಗಳಾದರೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಫೋನಿನಲ್ಲಿ ಅವಳ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಮಸೂತಿ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಬ್ಯಾಟರಿ ಅರ್ಧ ದಾರಿಗೆ ಮುಗಿಯುತ್ತದೆ ಎಂದು ವಿದ್ಯಾವತಿಗೆ ಗೊತ್ತಿತ್ತು. ಆದರೆ ಎಂಜಿನ್ ಇಲ್ಲ ತಾನೇ ಇದಕ್ಕೆ ಎಂದು ಅತ್ತೆ ಕೇಳಿದಾಗ ಆ ಮುಖ ನೋಡಿ ಅವಳಿಗೆ ಹೇಳಲಾಗಲಿಲ್ಲ. "ಕರೆಂಟ್ ಗಾಡಿ ಐತ್ರಿ ಅತ್ತಿ" ಎಂದುಬಿಟ್ಟಳು. ವಿಜಯಪುರದಲ್ಲಿ ದೊಡ್ಡ ಚಾರ್ಜರುಗಳಿವೆ, ಅಲ್ಲಿ ತುಂಬಿಸಿಕೊಂಡರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಏಪ್ರಿಲ್ ತಿಂಗಳ ಒಂದು ಭಾನುವಾರ, ಬಿಸಿಲು ಏರುವ ಮೊದಲೇ ಮೂವರೂ ಹೊರಟರು. ಸಿದ್ದಲಿಂಗ ನಡೆಸುತ್ತಿದ್ದ. ಶಂಕ್ರೆವ್ವ ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ಹನ್ನೊಂದು ವರ್ಷಗಳಲ್ಲಿ ಎಷ್ಟು ಹೊಲ ಪ್ಲಾಟಾಗಿವೆ, ಎಲ್ಲೆಲ್ಲಿ ದ್ರಾಕ್ಷಿ ತೋಟಗಳೆದ್ದಿವೆ ಎಂದು ಒಂದೊಂದಾಗಿ ಕೇಳುತ್ತ, ತನಗೆ ತಿಳಿದಿದ್ದನ್ನು ಹೇಳುತ್ತ ಬಂದಳು. ವಿಜಯಪುರ ಮುಟ್ಟುವವರೆಗೆ ಒಂದು ಸಲವೂ ಸೆರಗು ಬಾಯಿಗೆ ಹೋಗಲಿಲ್ಲ.

ವಿಜಯಪುರದಲ್ಲಿ ಚಾರ್ಜರ್ ಸಿಕ್ಕಿತು. ಆದರೆ ಅದರ ಪಿನ್ನು ಈ ಗಾಡಿಗೆ ಕೂರಲಿಲ್ಲ. ಅದು ಪೂರ್ತಿ ಕರೆಂಟಿನ ಗಾಡಿಗಳಿಗಾಗಿ ಮಾಡಿದ್ದು, ಇಂಥದಕ್ಕೆ ಮನೆಯ ಪ್ಲಗ್ಗೇ ಗತಿ ಎಂದು ಅಲ್ಲಿದ್ದವನು ಹೇಳಿದ. ಸಿದ್ದಲಿಂಗ ಹೆಂಡತಿಯ ಮುಖ ನೋಡಿದ. ಅವನು ಗಾಡಿ ತಿರುಗಿಸಿ ಬಾಗೇವಾಡಿಯ ದಾರಿ ಹಿಡಿದ.

ಊರು ದಾಟಿದ ಸ್ವಲ್ಪ ಹೊತ್ತಿಗೆ ಎಂಜಿನ್ ಚಾಲೂ ಆಯಿತು. ಸಪ್ಪಳ ದೊಡ್ಡದೇನಲ್ಲ, ಕಾಲಡಿಯಲ್ಲಿ ಸಣ್ಣಗೆ ಗುಂಯ್ ಎಂದಂತೆ. ಆದರೆ ಶಂಕ್ರೆವ್ವನ ಸೆರಗು ಬಾಯಿಗೆ ಹೋಯಿತು. ವಿದ್ಯಾವತಿ ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಮನಗೂಳಿ ದಾಟಿತು. ಬಾಗೇವಾಡಿ ಇನ್ನು ಸ್ವಲ್ಪವೇ ದೂರವಿದೆ ಎನ್ನುವಾಗ ಹಿಂದಿನಿಂದ ಗಾಜು ಬಡಿದ ಸಪ್ಪಳ ಕೇಳಿತು.

ಶಂಕ್ರೆವ್ವ ರಸ್ತೆ ಬದಿಯ ಬೇವಿನ ಗಿಡ ಹಿಡಿದು ವಾಂತಿ ಮಾಡಿದಳು. ವಿದ್ಯಾವತಿ ಅವಳ ಬೆನ್ನು ನೀವಿ, ನೀರು ಕೊಟ್ಟು, ಲಿಂಬೆಹಣ್ಣು ಹೋಳು ಮಾಡಿ ಕೈಯಲ್ಲಿಟ್ಟಳು. ಮುದುಕಿ ಅದನ್ನು ಮೂಗಿಗೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಳು.

"ಇದ್ಯಾಕ ಮುಚ್ಚಿಟ್ಟಿ?" ಎಂದಳು.

ವಿದ್ಯಾವತಿ ತಲೆ ಕೆಳಗೆ ಹಾಕಿದಳು.

"ಎಂಜಿನ್ ಐತಿ ಅಂದ್ರ ನಾ ಬರೂದಿಲ್ಲ ಅಂತ ತಿಳದಿಯೇನ?"

"ಹೌದ್ರಿ ಅತ್ತಿ."

"ಬರ್ತಿದ್ನಿ. ಅಲ್ಲಿ ಬಿದ್ದಾಕಿ ನನ್ನ ತಂಗಿ. ವಾಂತಿ ಮಾಡ್ಕೋತನ ಬರ್ತಿದ್ನಿ. ನೀ ಸಾಲಿ ಕಲಿಸಾಕಿ, ತಿಳಿಸಿ ಹೇಳಿದ್ರ ನನಗೂ ತಿಳೀತಿತ್ತು."

ವಿದ್ಯಾವತಿಯ ಕಣ್ಣು ತುಂಬಿದವು. ತಪ್ಪಾಯಿತೆಂದು ಹೇಳಿದಳು. ಶಂಕ್ರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. ಇನ್ನುಳಿದ ದಾರಿಗೆ ಬೇಕಾದಷ್ಟು ಕರೆಂಟು ಎಲ್ಲಾದರೂ ಸಿಕ್ಕೀತೇನೋ ನೋಡು ಎಂದು ಮಗನಿಗೆ ಹೇಳಿದಳು.

ಬಾಗೇವಾಡಿಯ ಅಂಚಿನಲ್ಲಿ ಒಂದು ಚಹಾದಂಗಡಿಯವನು ಪ್ಲಗ್ಗು ಕೊಟ್ಟ. ಹಚ್ಚಿದ ಕೂಡಲೇ ಗಾಡಿಯ ಜೊತೆ ಬಂದಿದ್ದ ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ ಬಂತು. ಅರ್ಥಿಂಗ್ ಸರಿ ಇಲ್ಲದ ಕಡೆ ಅದು ಕರೆಂಟು ಎಳೆಯುವುದಿಲ್ಲ. ಅಂಗಡಿಯವನೇ ಎದುರಿನ ಹಿಟ್ಟಿನ ಗಿರಣಿ ತೋರಿಸಿದ.

ಗಿರಣಿ ನಡೆಸುತ್ತಿದ್ದವಳು ರಹಿಮಾಬಿ ಎಂಬ ಐವತ್ತರ ಹೆಂಗಸು. ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು ಮೆತ್ತಿತ್ತು. ಅವಳು ಗಾಡಿಗಿಂತ ಮೊದಲು ಮುದುಕಿಯನ್ನು ನೋಡಿದಳು. ಒಳಗಿಂದ ಹೊರಸು ತಂದು ಹಾಕಿ ಶಂಕ್ರೆವ್ವನನ್ನು ಮಲಗಿಸಿದಳು. ಆಮೇಲೆ ಪ್ಲಗ್ಗಿನ ಮಾತು ಕೇಳಿ, "ಅರ್ಥಿಂಗ್ ಗಟ್ಟಿ ಐತ್ರಿ. ಹ್ವಾದ ವರ್ಷ ಮಷೀನ್ ಮುಟ್ಟಿ ನನಗ ಝಟಕಾ ಹೊಡೀತು. ಕುಣಿ ತೋಡಿಸಿ ಉಪ್ಪು, ಇದ್ದಿಲು ಹಾಕಿಸೇನಿ" ಎಂದಳು. ಹಚ್ಚಿದರು. ಹಸಿರು ದೀಪ ಬಂತು. ಎರಡೂ ಒಟ್ಟಿಗೆ ನಡೆದರೆ ಭಾರವಾದೀತೆಂದು ಅವಳು ಖಾರ ಕುಟ್ಟುವ ಮಷೀನನ್ನು ಬಂದ್ ಮಾಡಿದಳು. ಮೆಣಸಿನಕಾಯಿ ತಂದಿದ್ದವರಿಗೆ ಮಧ್ಯಾಹ್ನ ಬರಲು ಹೇಳಿ ಕಳಿಸಿದಳು.

ಮೂರು ತಾಸು ಕಾಯಬೇಕಿತ್ತು. ವಿದ್ಯಾವತಿ ಹೊರಸಿನ ಪಕ್ಕ ಕೂತು ಅತ್ತೆಗೆ ಗಾಡಿಯನ್ನು ಮೊದಲಿನಿಂದ ಬಿಡಿಸಿ ಹೇಳಿದಳು. ಎಷ್ಟು ದೂರ ಕರೆಂಟು, ಎಲ್ಲಿಂದ ಪೆಟ್ರೋಲು, ಇಂಡಿಯಿಂದ ಅಗರಖೇಡಕ್ಕೆ ಹೋಗಿಬರುವಾಗ ಎಂಜಿನ್ ಯಾಕೆ ಬೇಕಾಗುವುದಿಲ್ಲ, ಮಸೂತಿಗೆ ಯಾಕೆ ಬೇಕೇಬೇಕು. ಶಂಕ್ರೆವ್ವ ನಡುನಡುವೆ ತಡೆದು ಕೇಳಿದಳು. ಪೂರ್ತಿ ಕರೆಂಟಿನದೇ ಆಗಿದ್ದರೆ ಏನಾಗುತ್ತಿತ್ತು ಎಂದಳು. ಚಾರ್ಜರ್ ಇಲ್ಲದ ಕಡೆ ಬ್ಯಾಟರಿ ಮುಗಿದಿದ್ದರೆ ಅಲ್ಲೇ ನಿಲ್ಲುತ್ತಿದ್ದೆವು ಎಂದಳು ವಿದ್ಯಾವತಿ. ಪೂರ್ತಿ ಎಂಜಿನ್ನಿನದಾಗಿದ್ದರೆ ತಾನು ಇಂಡಿಯ ಬಂಕ್ ಹತ್ತಿರವೇ ಇಳಿಯುತ್ತಿದ್ದೆ ಎಂದು ಮುದುಕಿ ತಾನೇ ಹೇಳಿಕೊಂಡಳು. ಆಮೇಲೆ ಅರ್ಧ ತಾಸು ಗಾಢ ನಿದ್ದೆ ಮಾಡಿದಳು. ಹೊರಡುವಾಗ ರಹಿಮಾಬಿ ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟು, ಇನ್ನೊಮ್ಮೆ ಬರುವಾಗ ಮೊದಲೇ ಹೇಳಿದರೆ ಪ್ಲಗ್ಗು ಖಾಲಿ ಇಡುತ್ತೇನೆ ಎಂದಳು.

ಅಲ್ಲಿಂದ ಮಸೂತಿಯವರೆಗೆ ಎಂಜಿನ್ ಬಾಯಿ ಬಿಡಲಿಲ್ಲ.

ಚಂದವ್ವನ ಮನೆಯಲ್ಲಿ ಬೆಳಗಿನಿಂದ ಕರೆಂಟು ಇರಲಿಲ್ಲ. ತಗಡಿನ ಕೆಳಗಿನ ಕೋಣೆ ಕಾದ ಹಂಚಿನಂತಿತ್ತು. ಅಕ್ಕ ಬಾಗಿಲಲ್ಲಿ ನಿಂತದ್ದನ್ನು ನೋಡಿ ಚಂದವ್ವ ಮೊದಲು ನಂಬಲಿಲ್ಲ. ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತರು. ತಂಗಿಯ ಮೈಯೆಲ್ಲ ಬೆವರಿ ಹಾಸಿಗೆ ಒದ್ದೆಯಾಗಿದ್ದದ್ದು ಶಂಕ್ರೆವ್ವನ ಕೈಗೆ ತಿಳಿಯಿತು. ಗಾಡಿಯಲ್ಲಿ ತಂಪಿದೆ, ಇವಳನ್ನು ಅಲ್ಲಿ ಕೂರಿಸೋಣ ಎಂದಳು.

ಕುರ್ಚಿಯಲ್ಲಿ ಕೂರಿಸಬಹುದು ಎಂದು ಡಾಕ್ಟರು ಹೇಳಿದ್ದರು. ಆದರೂ ಚಂದವ್ವ ಅಂಜಿ ಇಷ್ಟು ದಿನ ಎದ್ದಿರಲಿಲ್ಲ. ಅಕ್ಕನ ಮಾತಿಗೆ ಒಪ್ಪಿದಳು. ಸಿದ್ದಲಿಂಗ ಮತ್ತು ಚಂದವ್ವನ ಮಗ ಅನಿಲಕುಮಾರ ಅವಳನ್ನು ಕುರ್ಚಿ ಸಮೇತ ಎತ್ತಿ ತಂದು, ಹಿಂದಕ್ಕೆ ವಾಲಿಸಿದ ಮುಂದಿನ ಸೀಟಿನಲ್ಲಿ ನಿಧಾನವಾಗಿ ಕೂರಿಸಿದರು. ಶಂಕ್ರೆವ್ವ ಪಕ್ಕದಲ್ಲಿ, ಸ್ಟೇರಿಂಗಿನ ಮುಂದೆ ಕೂತಳು. ಬೇವಿನ ನೆರಳಲ್ಲಿ ನಿಂತ ಗಾಡಿಯಲ್ಲಿ ಎಂಜಿನ್ ಇಲ್ಲದೆ ಏಸಿ ನಡೆಯುತ್ತಿತ್ತು. ಒಳಗೆ ಇಬ್ಬರೂ ಮಾತಾಡುತ್ತಿದ್ದದ್ದು, ಚಂದವ್ವ ನಕ್ಕದ್ದು ಗಾಜಿನೊಳಗಿಂದ ಕಾಣುತ್ತಿತ್ತು. ಎರಡು ತಿಂಗಳಲ್ಲಿ ಅವ್ವ ನಕ್ಕಿದ್ದನ್ನು ತಾನು ನೋಡಿರಲಿಲ್ಲ ಎಂದು ಅನಿಲಕುಮಾರ ಹೇಳಿದ.

ಎರಡು ತಾಸು ಕಳೆದವು. ಸಿದ್ದಲಿಂಗ ಮೂರು ಸಲ ಹೋಗಿ ಬ್ಯಾಟರಿ ನೋಡಿ ಬಂದ. ಇವರು ಹೀಗೇ ಕೂತರೆ ವಾಪಸು ಹೋಗುವಾಗ ಒಂದು ಹನಿ ಕರೆಂಟೂ ಉಳಿಯುವುದಿಲ್ಲ, ಮನೆತನಕ ಪೆಟ್ರೋಲೇ ಎಂದು ಹೆಂಡತಿಗೆ ಹೇಳಿದ. ವಿದ್ಯಾವತಿ ಈ ಸಲ ಮುಚ್ಚಿಡಲಿಲ್ಲ. ಹೋಗಿ ಗಾಡಿಯ ಬಾಗಿಲು ತೆರೆದು, ಬ್ಯಾಟರಿ ಮುಗಿಯುತ್ತ ಬಂದಿದೆ, ಇಂಡಿಯವರೆಗೆ ಎಂಜಿನ್ನಿನ ಮೇಲೆಯೇ ಹೋಗಬೇಕಾಗುತ್ತದೆ ಎಂದು ಅತ್ತೆಗೆ ತಿಳಿಸಿದಳು.

ಶಂಕ್ರೆವ್ವ ತಂಗಿಯ ಕೈ ಬಿಡದೆ ಸೊಸೆಯ ಕಡೆ ತಿರುಗಿದಳು.

"ಮುಗದ್ರ ಮುಗೀಲಿ ಬಿಡವಾ. ಬಾಗಲಾ ಹಾಕು, ತಂಪು ಹೊರಗ ಹೋಗಾಕತ್ತೈತಿ."