ಎರಡು ಗಂಟೆ ಮೊದಲು

ಸೀಗಡಿಯ ಮುಳ್ಳು ಚುಚ್ಚಿತು ಅಂತ ಯಾರಾದರೂ ಆಸ್ಪತ್ರೆಗೆ ಓಡುತ್ತಾರೆಯೇ? ದಕ್ಷಿಣ ಚೀನಾದ ಲೇಝೌ ಕರಾವಳಿಯಲ್ಲಿ ಹಾಗೆ ಓಡಿದವನನ್ನು ಸಾಯುವವರೆಗೂ ಆಡಿಕೊಂಡಾರು. ಸೀಗಡಿ ಹೊಂಡದ ಫೂ ದೇಶುಯಿ ಕೂಡ ಓಡಲಿಲ್ಲ. ಹೆಬ್ಬೆರಳು ಹಿಂಡಿ ರಕ್ತ ತೆಗೆದ, ಗಾಯದ ಮೇಲೆ ಒಂದಿಷ್ಟು ಅಕ್ಕಿ ಸಾರಾಯಿ ಸುರಿದ, ಉಳಿದದ್ದನ್ನು ಗಂಟಲಿಗೆ ಸುರಿದುಕೊಂಡ. ಹಳೆಯ ಕಾಮಾಲೆಯಿಂದ ಮೊದಲೇ ಹಾಳಾದ ಲಿವರ್ ಅವನದು. ಎರಡು ದಿನ ಚಳಿಜ್ವರದಲ್ಲಿ ನಡುಗುತ್ತ ಮಲಗಿದ್ದರೂ ಹೆಂಡತಿಯನ್ನು ಗದರಿದ.

"ಆ-ಚಿಂಗ್‌ಗೆ ಫೋನ್ ಗೀನ್ ಮಾಡೀಯ ಮತ್ತೆ! ಅವಳಿಗೆ ಇಲಿಗಳ ಕೆಲಸ ಇರತ್ತೆ."

ಮೂರನೆಯ ಬೆಳಿಗ್ಗೆ ತೋಳಿನುದ್ದಕ್ಕೂ ಕಪ್ಪು ಬೊಬ್ಬೆಗಳೆದ್ದವು. ಆಗ ಫೋನ್ ಹೋಯಿತು.

ಆ-ಚಿಂಗ್ ಅಂದರೆ ಅವನ ಒಬ್ಬಳೇ ಮಗಳು ರುಯಿಚಿಂಗ್. ಗುವಾಂಗ್‌ಝೌ ನಗರದ ಪ್ರಯೋಗಾಲಯವೊಂದರಲ್ಲಿ ಐದು ವರ್ಷಗಳಿಂದ ಇಲಿಗಳ ಹೊಟ್ಟೆ ಕೊಯ್ದು, ಕರುಳಿಗೆ ಸೂಜಿಯಿಂದ ತೂತು ಮಾಡಿ, ರಕ್ತಕ್ಕೆ ನಂಜೇರಿಸಿ, ಆ ನಂಜು ಲಿವರನ್ನು ಹೇಗೆ ತಿನ್ನುತ್ತದೆಂದು ನೋಡುತ್ತಿದ್ದಳು. ವಿಧಿಯ ಕುಚೋದ್ಯಕ್ಕೂ ಒಂದು ಮಿತಿ ಬೇಡವೇ! ನಂಜೇರಿದಾಗ ಲಿವರಿನ ಜೀವಕೋಶದೊಳಗೆ ಒಂದು ಜೀನ್ ಬಾಯಿ ತೆರೆಯುತ್ತದೆ, ಅದು ತೆರೆದರೆ ಕೋಶಗಳು ತಾವಾಗಿಯೇ ಸಾಯತೊಡಗುತ್ತವೆ ಎಂದು ಅವಳು ಕಂಡುಕೊಂಡಿದ್ದಳು. ಆ ಬಾಯಿ ಮುಚ್ಚಿಸುವ ಔಷಧಿಯನ್ನೂ ಮಾಡಿದ್ದಳು. ಔಷಧಿ ಪಡೆದ ಇಲಿಗಳು ಬದುಕಿದವು. ಪ್ರಬಂಧ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಒಂದಕ್ಷರವನ್ನೂ ಓದಲಾರದ ಅಪ್ಪ ಮೊದಲ ಪುಟಕ್ಕೆ ಕಟ್ಟು ಹಾಕಿಸಿ, ನಡುಮನೆಯಲ್ಲಿ ಹಿರಿಯರ ಹೆಸರಿನ ಹಲಗೆಯ ಪಕ್ಕದಲ್ಲೇ ತೂಗುಹಾಕಿ, ಬಂದುಹೋದವರಿಗೆಲ್ಲ ತೋರಿಸಿದ.

ಜಿಲ್ಲಾಸ್ಪತ್ರೆಯಲ್ಲಿ ಅವಳು ಕಂಡಾಗ ಅಪ್ಪನ ಬಾಯಲ್ಲಿ ಕೊಳವೆಯಿತ್ತು. ಕಣ್ಣಿನ ಬಿಳಿಯೆಲ್ಲ ಅರಿಶಿನವಾಗಿತ್ತು. ರಕ್ತದ ವರದಿಯನ್ನು ಒಮ್ಮೆ ನೋಡಿದಳು, ಅಷ್ಟೇ ಸಾಕಾಯಿತು. ಇಂಥ ಅಂಕಿಗಳನ್ನು ಅವಳು ನೂರಾರು ಸಲ ಬರೆದಿದ್ದಳು.

ಅಮ್ಮ ಮಾತ್ರ ಮಗಳನ್ನು ಕಂಡು ಹೋದ ಜೀವ ಬಂದಂತೆ ಎದ್ದು ಕೂತಳು. "ಬಂದ್ಯಾ! ತಂದಿದ್ದೀಯಾ? ಕೊಡೇ ಬೇಗ, ಆ ನಿನ್ನ ಔಷಧಿ!"

"ಅಮ್ಮ, ಅದು ಇಲಿಗೆ ಮಾಡಿದ್ದು."

"ಇಲಿಗೆ ನಾಟಿದ್ದು ಮನುಷ್ಯನಿಗೆ ನಾಟಲ್ವಾ? ಹೇಗೂ ಸಾಯ್ತಾರೆ ಅಂತಿದ್ದಾರೆ ಡಾಕ್ಟರು. ಕೊಟ್ಟು ನೋಡೋಕೇನು ನಿಂಗೆ?"

"ಕೊಟ್ರೂ ಪ್ರಯೋಜನ ಇಲ್ಲಮ್ಮ. ಅದನ್ನ ಮೊದಲೇ ಕೊಟ್ಟಿರಬೇಕು. ನಂಜು ಏರೋಕೆ ಎರಡು ಗಂಟೆ ಮೊದಲು."

ಅಮ್ಮ ಅವಳ ಮುಖವನ್ನೇ ನೋಡಿದಳು. "ನಂಜೇರತ್ತೆ ಅಂತ ಎರಡು ಗಂಟೆ ಮೊದಲೇ ಯಾರಿಗೆ ಗೊತ್ತಿರತ್ತೆ?"

"ನಮಗೆ ಗೊತ್ತಿರತ್ತೆ. ಇಲಿಗೆ ಏರಿಸೋರು ನಾವೇ ಅಲ್ವಾ."

"ಥೂ! ಇದೆಂಥ ಔಷಧೀನೇ!"

ಪತ್ರಿಕೆಯ ದೊಡ್ಡ ದೊಡ್ಡ ಪಂಡಿತರಿಗೆ ಹೊಳೆಯದ ಪ್ರಶ್ನೆ ಸೀಗಡಿ ಸುಲಿಯುವ ಹೆಂಗಸಿಗೆ ಅರೆಗಳಿಗೆಯಲ್ಲಿ ಹೊಳೆದಿತ್ತು. ರುಯಿಚಿಂಗ್‌ಗೂ ಒಮ್ಮೆ ಹೊಳೆದದ್ದುಂಟು. ನಂಜೇರಿ ಆರು ಗಂಟೆ ಕಳೆದ ಮೇಲೆ ಇಪ್ಪತ್ತು ಇಲಿಗಳಿಗೆ ಕೊಟ್ಟು ನೋಡಿದ್ದಳು. ಇಪ್ಪತ್ತೂ ಸತ್ತವು. ಆ ಪಟ್ಟಿಯನ್ನು ಪ್ರೊಫೆಸರರ ಮುಂದಿಟ್ಟಾಗ ಅವರು ಚಹಾ ಹೀರುತ್ತ, "ಪ್ರಬಂಧದಲ್ಲಿ ಇದನ್ನ ಬಿಟ್ಬಿಡಮ್ಮ. ಪತ್ರಿಕೆಯವರು ಕೇಳಿದರೆ ಆಗ ನೋಡೋಣ," ಎಂದಿದ್ದರು. ಯಾರೂ ಕೇಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಪದವಿ ಬೇಕಿತ್ತು ಅವಳಿಗೆ.

ಮಧ್ಯಾಹ್ನ ದೊಡ್ಡಪ್ಪ ಬಂದ. ಡಾಕ್ಟರರ ಮಾತು ಕೇಳಿಸಿಕೊಂಡ, ಸುತ್ತಿಬಳಸಲಿಲ್ಲ. "ಹೊರಗೆ ಸತ್ತವನನ್ನ ಊರ ಬಾಗಿಲೊಳಗೆ ತರೋ ಹಾಗಿಲ್ಲ. ಉಸಿರಿರುವಾಗಲೇ ಕರ್ಕೊಂಡು ಹೋಗೋಣ ಮಗಳೇ. ನಿನ್ನ ಕೈಲಿ ಅಷ್ಟಾದರೂ ಆಗತ್ತೋ ಇಲ್ವೋ?"

ಆಗುತ್ತಿತ್ತು. ಆಂಬುಲೆನ್ಸಿನಲ್ಲಿ ಅಪ್ಪನ ತಲೆಯ ಬಳಿ ಕೂತು ರಬ್ಬರಿನ ಗಾಳಿಚೀಲವನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಕೈ ಸೋತರೂ ಇನ್ನೊಬ್ಬರಿಗೆ ಕೊಡಲಿಲ್ಲ. ಹೊರಟ ಜೀವ ಮನೆಯ ದಾರಿ ತಪ್ಪದಿರಲಿ ಎಂದು ಅಮ್ಮ ಅವನ ಕಿವಿಯಲ್ಲಿ ಹೇಳುತ್ತಲೇ ಇದ್ದಳು. "ಸೇತುವೆ ದಾಟಿದ್ವಿ ಕಣ್ರೀ... ಇದು ಕಬ್ಬಿನ ಗದ್ದೆ... ನಮ್ಮ ಹೊಂಡ ಬಂತು, ನೋಡ್ರೀ, ನೀರು ಕಡೆಯೋ ಚಕ್ರ ತಿರುಗ್ತಾ ಇದೆ... ಮನೆ ಬಂತು. ಬನ್ನಿ, ಒಳಗೆ ಬನ್ನಿ."

ನಡುಮನೆಯಲ್ಲಿ ಮಣೆ ಹಾಸಿ ಮಲಗಿಸಿದರು. ತಲೆಯ ಮೇಲುಗಡೆ, ಗೋಡೆಯಲ್ಲಿ, ಕಟ್ಟು ಹಾಕಿಸಿದ ಪುಟ. ಅದರಲ್ಲೊಂದು ಪುಟ್ಟ ಚಿತ್ರ: ಬದುಕಿದ ಇಲಿಗಳ ಕೆಂಪು ಗೆರೆ ಕೊನೆಯವರೆಗೂ ಇಳಿಯದೆ ಸಾಗಿತ್ತು. ದೊಡ್ಡಪ್ಪ ತಲೆಯಾಡಿಸಿದ. ರುಯಿಚಿಂಗ್ ಚೀಲ ಒತ್ತುವುದನ್ನು ನಿಲ್ಲಿಸಿ ಕೊಳವೆ ತೆಗೆದಳು. ಅಪ್ಪ ಐದು ಉಸಿರು ತಾನಾಗಿಯೇ ಎಳೆದ. ಆರನೆಯದಕ್ಕಾಗಿ ಎಲ್ಲರೂ ಕಾದರು. ಅದು ಬರಲಿಲ್ಲ.

ಅಳು ಒಂದಿಷ್ಟು ತಗ್ಗಿದ ಮೇಲೆ ಕಾಲ ಬಳಿ ಬಾಣಲೆಯಲ್ಲಿ ಬೆಂಕಿ ಮಾಡಿದರು. ಸತ್ತವನಿಗೆ ಅಲ್ಲಿ ಬೇಕಾದ್ದನ್ನೆಲ್ಲ ಸುಟ್ಟು ಕಳಿಸಬೇಕಲ್ಲ. ಅಮ್ಮ ಪರಲೋಕದ ಹಣವೆಂದು ಹಳದಿ ಕಾಗದಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ ಎದ್ದು ಗೋಡೆಯಿಂದ ಕಟ್ಟು ಇಳಿಸಿ, ಗಾಜು ಬಿಚ್ಚಿ, ಪುಟವನ್ನು ಹೊರಗೆಳೆದಳು.

"ಅಮ್ಮ, ಅದು ಬೇಡ."

"ಸುಮ್ನಿರೇ. ಜೀವ ಇಟ್ಕೊಂಡಿದ್ರು ಇದರ ಮೇಲೆ. ಅಲ್ಲೂ ನಾಲ್ಕು ಜನಕ್ಕೆ ತೋರಿಸ್ಲಿ. ಇದು ಮೊದಲನೇ ಹಾಳೆ ಅಲ್ವಾ? ಉಳಿದದ್ದೂ ಕೊಡು. ಅರ್ಧಂಬರ್ಧ ಕಳಿಸಬಾರದು."

ರುಯಿಚಿಂಗ್ ತನ್ನ ಚೀಲದಿಂದ ಪ್ರಬಂಧದ ಪ್ರತಿ ತೆಗೆದು ಕೊಟ್ಟಳು. ಅಮ್ಮ ಹಾಳೆಗಳನ್ನು ಎಣಿಸಿ, ಅಂಚು ಸರಿಮಾಡಿ, ಬೆಂಕಿಯ ಮೇಲೆ ಹಿಡಿದು ಕೇಳಿದಳು:

"ಎಲ್ಲಾ ಇದೆ ತಾನೇ ಇದರಲ್ಲಿ?"

ಅಪ್ಪನ ಹೆಬ್ಬೆರಳಿನ ಮೇಲೆ ಮುಳ್ಳು ಚುಚ್ಚಿದ ಗುರುತು ಇನ್ನೂ ಕಾಣುತ್ತಿತ್ತು.

"ಎಲ್ಲಾ ಇದೆ ಅಮ್ಮ," ಎಂದಳು ರುಯಿಚಿಂಗ್.